ಬಾಗಿಲ ಹೊರಗೆ ನಿಂತ ಅರ್ಲೀನ್

ಇನ್ನೂ ಕತ್ತಲು. ಮೂಗಿನೊಳಗಿನ ಕೂದಲೂ ಸೆಟೆದು ನಿಲ್ಲುವ ಚಳಿ. ಅರ್ಲೀನ್ ಮ್ಯಾಟಿಲಾ ತಮ್ಮ ಹಳೇ ಪಿಕಪ್ ಗಾಡಿಯನ್ನು ನಮ್ಮೂರು ಟೋರ್ವಿ ಲೇಕ್‌ನ ಐಸ್ ಸ್ಕೇಟಿಂಗ್ ರಿಂಕಿನ ಪಕ್ಕದ ಬಾಗಿಲಿಗೆ ತಾಗಿಸಿದಂತೆ ನಿಲ್ಲಿಸಿ ಇಳಿಯುತ್ತಾರೆ. ಬೂಟಿನ ತುದಿಯಿಂದ ಬಾಗಿಲ ಬುಡದ ಮಂಜುಗಡ್ಡೆಯನ್ನು ಒದ್ದು ಸಡಿಲಿಸುತ್ತಾರೆ, ಬೀಗ ತೆಗೆಯುತ್ತಾರೆ, ದೀಪ ಹಾಕುತ್ತಾರೆ, ಕಾಫಿಗೆ ನೀರಿಡುತ್ತಾರೆ. ಇನ್ನು ಸ್ವಲ್ಪ ಹೊತ್ತಿಗೆ ಅವರು ಶಾಲೆಯ ಹಳದಿ ಬಸ್ಸು ಓಡಿಸಲು ಹೋಗಬೇಕು. ಅದಕ್ಕೂ ಮುಂಚಿನ ಈ ಕೆಲಸಕ್ಕೆ ಅವರನ್ನು ಯಾರೂ ನೇಮಿಸಿಲ್ಲ.

ಬಾಗಿಲು ತೆರೆದುಕೊಳ್ಳುತ್ತದೆ. ಕೈಲಿ ಪ್ರೆಬಿಚ್ ಭುಜಕ್ಕೆ ಚೀಲ ಹಾಕಿಕೊಂಡು ಒಳಗೆ ಬರುತ್ತಾಳೆ. ಹದಿನೆಂಟರ ಹುಡುಗಿ, ಓಮಾಹಾದಲ್ಲಿ ನಡೆದ ಈ ಸಲದ ರಾಷ್ಟ್ರೀಯ ಫಿಗರ್ ಸ್ಕೇಟಿಂಗ್ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದವಳು.

"ಗುಡ್ ಮಾರ್ನಿಂಗ್, ಮಗೂ," ಅನ್ನುತ್ತಾರೆ ಅರ್ಲೀನ್.

ಹುಡುಗಿ ತಿರುಗಿಯೂ ನೋಡದೆ ಹಾದುಹೋಗುತ್ತಾಳೆ. ಬೆಂಚಿನ ಮೇಲೆ ಕೂತು ಸ್ಕೇಟಿನ ದಾರ ಬಿಗಿದು ಐಸಿಗೆ ಇಳಿಯುತ್ತಾಳೆ. ನಮ್ಮ ರಿಂಕಿನಲ್ಲಿ ಯಾರೂ ಒಬ್ಬರೇ ಸ್ಕೇಟ್ ಮಾಡುವಂತಿಲ್ಲ. ಬಿದ್ದರೆ ಎತ್ತಲು ಇನ್ನೊಬ್ಬರು ಇರಲೇಬೇಕು. ಹಾಗಾಗಿ ಓಮಾಹಾದಿಂದ ಬಂದ ಲಾಗಾಯ್ತು ಇಬ್ಬರೂ ದಿನಾ ಬೆಳಗ್ಗೆ ಈ ದೊಡ್ಡ ಕಟ್ಟಡದಲ್ಲಿ ಇರುತ್ತಾರೆ, ಒಬ್ಬಳು ಐಸಿನ ಮೇಲೆ, ಇನ್ನೊಬ್ಬರು ತಡೆಗೋಡೆಯ ಆಚೆ. ಮಾತಿಲ್ಲ ಕತೆಯಿಲ್ಲ. ನಮ್ಮೂರ ಪತ್ರಿಕೆಗೆ ಇದನ್ನೆಲ್ಲ ಬರೆಯುವ ನಾನು ಗ್ಯಾಲರಿಯಲ್ಲಿ ಕೂತು ನೋಡುತ್ತೇನೆ.

ಅರ್ಲೀನ್ ಅವರಿಗೆ ಈಗ ಅರವತ್ತೆಂಟು. ಮಗಳು ಸ್ಕೇಟಿಂಗ್ ಕಲಿಯುತ್ತಿದ್ದಾಗ, ಕಾಯುತ್ತ ಕೂರುವ ಬದಲು ಏನಾದರೂ ಮಾಡೋಣವೆಂದು ತೀರ್ಪುಗಾರ್ತಿಯ ಪರೀಕ್ಷೆ ಕಟ್ಟಿದವರು. ಮಗಳು ಸ್ಕೇಟಿಂಗ್ ಬಿಟ್ಟು ಫಾರ್ಗೋದಲ್ಲಿ ಟೈರ್ ಅಂಗಡಿ ಇಟ್ಟು ಯಾವ ಕಾಲವಾಯಿತು, ತಾಯಿ ಮಾತ್ರ ಬಿಡಲಿಲ್ಲ. ಊರಿನ ಪರೀಕ್ಷೆಗಳಿಂದ ರಾಜ್ಯಕ್ಕೆ, ರಾಜ್ಯದಿಂದ ರಾಷ್ಟ್ರಕ್ಕೆ ಹೋದರು; ಕೊನೆಗೆ ದೇಶದ ತಂಡವನ್ನು ಆರಿಸುವ ಸಮಿತಿಯಲ್ಲೂ ಕೂತರು. ಇದಕ್ಕೆಲ್ಲ ಸಂಬಳವಿಲ್ಲ. ಕಾಲ ಮೇಲೆ ಕಂಬಳಿ, ಫ್ಲಾಸ್ಕಿನಲ್ಲಿ ಸೂಪು, ಬೆನ್ನ ಹಿಂದೆ ಬೈಗುಳ, ಇಷ್ಟೇ ಸಿಗುವುದು.

"ಬಸ್ಸಲ್ಲಿ ಮಕ್ಕಳು ಬೈತಾರೆ, ರಿಂಕಲ್ಲಿ ಅವರ ಅಪ್ಪ ಅಮ್ಮ ಬೈತಾರೆ," ಎಂದು ನಗುತ್ತಾರೆ ಅರ್ಲೀನ್. "ಬಸ್ಸಿನ ಮಕ್ಕಳೇ ವಾಸಿ ಕಣೇ, ಸಂಜೆ ಹೊತ್ತಿಗೆ ಮರ್ತಿರ್ತಾರೆ."

ಆದರೆ ಈ ಚಳಿಗಾಲದ ಸಿಟ್ಟನ್ನು ನಮ್ಮೂರು ಅಷ್ಟು ಬೇಗ ಮರೆಯುವಂತೆ ಕಾಣುತ್ತಿಲ್ಲ.

ವಿಷಯ ಸರಳ, ಜಗಳ ಮಾತ್ರ ಹಳೆಯದು. ವಿಶ್ವ ಸ್ಪರ್ಧೆಗೆ ಈ ಸಲ ನಮ್ಮ ದೇಶದಿಂದ ಹೋಗಬಹುದಾದ ಹುಡುಗಿಯರು ಇಬ್ಬರೇ. ರಾಷ್ಟ್ರೀಯ ಸ್ಪರ್ಧೆ ಗೆದ್ದವಳಿಗೆ ಒಂದು ಜಾಗ ಖಾಯಂ. ಎರಡನೆಯದನ್ನು ಸಮಿತಿ ಕೂತು ಆರಿಸುತ್ತದೆ. ಆ ದಿನ ಎರಡನೆಯವಳಾಗಿ ಬಂದವಳನ್ನೇ ಕಳಿಸಬೇಕೋ, ವರ್ಷವಿಡೀ ಚೆನ್ನಾಗಿ ಮಾಡಿ ಆ ದಿನ ಎಡವಿದವಳನ್ನು ಕಳಿಸಬೇಕೋ? ಅಲ್ಲಿಗೆ ಹೋದವರು ತೀರಾ ಹಿಂದೆ ಬಿದ್ದರೆ ಮುಂದಿನ ವರ್ಷ ದೇಶಕ್ಕೆ ಸಿಗುವ ಜಾಗವೇ ಕಡಿಮೆಯಾಗುತ್ತದೆ, ಅದೊಂದು ಭಯ ಬೇರೆ. ಓಮಾಹಾದಲ್ಲಿ ಕೈಲಿ ಒಂದು ಜಿಗಿತವನ್ನೂ ತಪ್ಪಿಸದೆ ಎರಡನೆಯವಳಾದಳು. ವರ್ಷವಿಡೀ ಹೊರದೇಶಗಳಲ್ಲಿ ಪದಕ ಗೆದ್ದಿದ್ದ ಕೊಲೊರಾಡೊದ ಎಲಿಸ್ ವ್ಯಾನ್ ಹಾರ್ನ್ ಎರಡು ಸಲ ಬಿದ್ದು ಮೂರನೆಯವಳಾದಳು. ಸಮಿತಿ ಎಲಿಸ್‌ಳನ್ನು ಆರಿಸಿತು. ನಮ್ಮೂರ ಕೈಲಿ ಬದಲಿ ಹುಡುಗಿಯಾದಳು. ಯಾರಿಗಾದರೂ ಪೆಟ್ಟಾದರೆ ಮಾತ್ರ ಅವಳ ಸರದಿ.

ರಿಂಕಿನಲ್ಲಿ ತಿಂಡಿ ಮಾರುವ ಕಿಟಕಿಯ ಮುಂದೆ ಈ ಮಾತು ಈಗಲೂ ಕಾಫಿಯ ಜೊತೆ ಕುದಿಯುತ್ತಿದೆ. ಗಣಿಯಿಂದ ನಿವೃತ್ತನಾದ ಜೀನ್ ಸಾಲೋ ಮೊಮ್ಮಗನ ಐಸ್ ಹಾಕಿ ಅಭ್ಯಾಸಕ್ಕೆಂದು ಬಂದವನು ಅದನ್ನು ಬಿಟ್ಟು ಇದನ್ನೇ ಹಿಡಿದಿದ್ದಾನೆ. "ಹಾಕಿಯಲ್ಲಿ ಗೋಲು ಬಿತ್ತು ಅಂದ್ರೆ ಬಿತ್ತು. ಹೋದ ತಿಂಗಳು ಚೆನ್ನಾಗಿ ಆಡಿದ್ದ ಅಂತ ಸೋತವನನ್ನ ಯಾರಾದ್ರೂ ಫೈನಲ್ಲಿಗೆ ಕಳಿಸ್ತಾರಾ? ಇದ್ಯಾವ ಸೀಮೆ ಆಟ ಮಾರಾಯ್ತಿ!"

ಮೊದಲಾದರೆ ಇದಕ್ಕೆ ಉತ್ತರ ಕೊಡಲು ಅರ್ಲೀನ್ ಇರುತ್ತಿದ್ದರು. ಪ್ರತಿ ವರ್ಷವೂ ಇದೇ ಕಿಟಕಿಯ ಮುಂದೆ, ಇದೇ ಜೀನ್‌ಗೆ ಅವರು ಹೇಳುತ್ತಿದ್ದ ಮಾತು ನನಗೆ ಬಾಯಿಪಾಠವಾಗಿದೆ. "ಒಂದು ಸಂಜೆ ನೋಡಿ ಹುಡುಗೀನ ಅಳೀಬೇಡ ಜೀನ್. ಒಂದಿನ ಸ್ಟಾರ್ಟ್ ಆಗ್ಲಿಲ್ಲ ಅಂತ ಕಾರು ಮಾರ್ಬಿಡ್ತೀಯಾ?"

"ನನ್ ಕಾರು ಯಾವತ್ತೂ ಸ್ಟಾರ್ಟ್ ಆಗಲ್ಲ. ಕೊಳ್ಳೋರಿಲ್ದೆ ಇಟ್ಕೊಂಡಿದೀನಿ," ಅನ್ನುತ್ತಿದ್ದ ಜೀನ್, ಎಲ್ಲರೂ ನಗುತ್ತಿದ್ದರು. ಒಂದು ಸಂಜೆ ಸಾಲದು, ವರ್ಷ ನೋಡಬೇಕು ಎನ್ನುವುದು ಅರ್ಲೀನ್ ಅವರ ಪಕ್ಷ. ಆ ಪಕ್ಷವೇ ಓಮಾಹಾದಲ್ಲಿ ಗೆದ್ದಿತು, ಅವರ ಹುಡುಗಿ ಸೋತಳು. ಈಗ ಅವರು ತಿಂಡಿ ಕಿಟಕಿಯ ಕಡೆ ಸುಳಿಯುವುದಿಲ್ಲ. ನಾನು ಕೈಲಿಯ ಪಕ್ಷ, ಮುಚ್ಚಿಡುವುದೇನು? ಬೆಳ್ಳಿ ಗೆದ್ದವಳನ್ನು ಮನೆಗೆ ಕಳಿಸಿದ್ದು ನನಗಿನ್ನೂ ಅರಗಿಲ್ಲ.

'ಅವರ ಹುಡುಗಿ' ಎಂದೆನಲ್ಲ, ಇಡೀ ಊರಿನ ಸಿಟ್ಟು ಇರುವುದು ಅಲ್ಲೇ. ಕೈಲಿಯ ತಾಯಿ ರೋಂಡಾಗೆ ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿ. ತಂದೆ ನಾರ್ತ್ ಡಕೋಟಾದ ತೈಲ ಬಾವಿಗೆಂದು ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಆಗ ಹುಡುಗಿ ಎರಡನೇ ಕ್ಲಾಸು. ಅವತ್ತಿನಿಂದ ಅವಳನ್ನು ಮುಂಜಾನೆ ಮನೆಯಿಂದ ಎತ್ತಿಕೊಂಡು ಬಂದು, ಪಿಕಪ್ಪಿನ ಸೀಟಿನಲ್ಲೇ ಕೂದಲು ಕಟ್ಟಿ, ಕೈಗೆ ತಿನ್ನಲು ಬಿಸಿ ಪ್ಯಾಸ್ಟಿ ಕಡುಬು ಕೊಟ್ಟು, ರಿಂಕಿಗೆ ಬಿಟ್ಟು, ಆಮೇಲೆ ಅದೇ ಹುಡುಗಿಯನ್ನು ಹಳದಿ ಬಸ್ಸಿನಲ್ಲಿ ಶಾಲೆಗೆ ತಲುಪಿಸಿದವರು ಅರ್ಲೀನ್. ಎರಡು ವರ್ಷದ ಹಿಂದೆ ದೊಡ್ಡ ಕೋಚ್ ಬೇಕೆಂದು ಕೈಲಿ ಮಿನಿಯಾಪೊಲಿಸ್‌ನ ಕ್ಲಬ್ಬಿಗೆ ಸೇರಿದಳು. ಇಬ್ಬರೂ ಒಂದೇ ಕ್ಲಬ್ಬಿನವರೆಂಬ ಕಾಗದದ ಮೇಲಿನ ಸಂಬಂಧ ಅಲ್ಲಿಗೆ ಮುಗಿಯಿತು.

ಭಾನುವಾರ ಬೆಳಗ್ಗೆ ಓಮಾಹಾದ ಹೋಟೆಲಿನ ಒಂದು ಕೋಣೆಯಲ್ಲಿ ಸಮಿತಿ ಕೂತಿತು. ಅಲ್ಲಿ ಒಂದು ಪದ್ಧತಿಯಿದೆ. ಹೆಸರುಗಳನ್ನು ಎತ್ತಿಕೊಳ್ಳುವ ಮೊದಲು ಅಧ್ಯಕ್ಷರು, ಈ ಹುಡುಗಿಯರಲ್ಲಿ ಯಾರಾದರೂ ನಿಮಗೆ ಬೇಕಾದವರಿದ್ದರೆ ಹೇಳಿ, ಎನ್ನುತ್ತಾರೆ. ಕೈ ಎತ್ತಿದವರು ಆ ಜಾಗದ ಮಾತು ಮುಗಿಯುವ ತನಕ ಹೊರಗೆ ನಿಲ್ಲಬೇಕು. ಮಾತಾಡುವಂತಿಲ್ಲ, ಮತ ಹಾಕುವಂತಿಲ್ಲ, ಒಳಗೆ ಯಾರು ಏನಂದರು ಎಂದು ಆಮೇಲೂ ಕೇಳುವಂತಿಲ್ಲ. ಅವತ್ತು ಅರ್ಲೀನ್ ಕೈ ಎತ್ತಿದರು.

"ಅಧ್ಯಕ್ಷರು ಬಾಸ್ಟನ್ ಕಡೆಯ ಹಲ್ಲಿನ ಡಾಕ್ಟ್ರು, ಒಳ್ಳೇ ಮನುಷ್ಯ," ಎಂದು ಹೇಳುತ್ತಾರೆ ಅರ್ಲೀನ್. "'ಅರ್ಲೀನ್, ಆ ಹುಡುಗಿ ಈಗ ನಿಮ್ಮ ಕ್ಲಬ್ಬಿನವಳಲ್ಲವಲ್ಲ, ನೀವು ಕೂತ್ಕೋಬಹುದು' ಅಂದ್ರು. 'ಕ್ಲಬ್ಬಿನವಳಲ್ಲ ಸಾರ್, ಮನೆಯವಳು' ಅಂದೆ. ಕುರ್ಚಿ ಹಿಂದಕ್ಕೆ ಸರಿಸ್ದಾಗ ಕರ್ರ್ ಅಂತ ಸದ್ದಾಯ್ತು ನೋಡು, ಅದಿನ್ನೂ ಕಿವೀಲಿದೆ."

ಹೊರಗೆ ಉದ್ದನೆಯ ಮೊಗಸಾಲೆ. ಒಂದು ಮೂಲೆಯಲ್ಲಿ ಹೋಟೆಲಿನ ಐಸ್ ಯಂತ್ರ ಗುರುಗುಡುತ್ತ, ಆಗಾಗ ಗಡಗಡ ಎಂದು ಐಸು ಉದುರಿಸುತ್ತಿತ್ತು. ಪ್ರತಿ ಸಲವೂ ಬಾಗಿಲೇ ತೆರೆಯಿತೆಂದು ಅರ್ಲೀನ್ ಬೆಚ್ಚಿ ತಿರುಗಿದರು. ಒಳಗಿನಿಂದ ದನಿಗಳು ಏರುವುದು ಕೇಳಿತು, ಮಾತು ಕೇಳಲಿಲ್ಲ. ಕೋಣೆ ಗುಡಿಸಲು ಬಂದ ಹೆಂಗಸು ಇವರನ್ನು ಎರಡು ಸಲ ಹಾದುಹೋದವಳು ಮೂರನೇ ಸಲ ನಿಂತಳು. "ಕೀ ಕಳ್ಕೊಂಡ್ರಾ ಅಮ್ಮಾ? ಬಾಗಿಲು ತೆಗ್ದು ಕೊಡ್ಲಾ?"

"ಬೇಡಮ್ಮ," ಎಂದರಂತೆ ಅರ್ಲೀನ್. "ನಾನೇ ಹಾಕ್ಕೊಂಡು ಬಂದಿದ್ದು."

ಮತ್ತೆ ಒಳಗೆ ಕರೆದಾಗ ಯಾರೂ ಅವರ ಮುಖ ನೋಡಲಿಲ್ಲ. ನೋಡದಿದ್ದುದೇ ಉತ್ತರವಾಯಿತು. ಆ ಸಮಿತಿಯಲ್ಲಿ ಇನ್ನೊಂದು ಪದ್ಧತಿ ಇದೆ, ಕ್ರೂರವೋ ಕರುಣೆಯೋ ಹೇಳಲಾರೆ. ಜಾಗ ತಪ್ಪಿದ ಮಕ್ಕಳಿಗೆ ಸುದ್ದಿಯನ್ನು ಫೋನಿನಲ್ಲಿ ಹೇಳುವುದಿಲ್ಲ. ಸಮಿತಿಯಲ್ಲಿ ಅವರಿಗೆ ಹತ್ತಿರದವರು ಯಾರೋ ಅವರೇ ಹೋಗಿ ಎದುರಿಗೆ ನಿಂತು ಹೇಳಬೇಕು. ಹತ್ತಿರದವರು ಯಾರೆಂದು ಅರ್ಲೀನ್ ಆಗಲೇ ಬಾಯಿಬಿಟ್ಟು ಹೇಳಿ ಆಗಿತ್ತು.

ಅರ್ಲೀನ್ ಹೋಗಿ ತಟ್ಟಿದಾಗ ಕೋಣೆಯ ಬಾಗಿಲು ತೆಗೆದದ್ದು ಕೈಲಿಯೇ. ತಾಯಿ ಹಿಂದೆ ನಿಂತಿದ್ದರು. ಸುದ್ದಿ ಕೇಳಿ ಹುಡುಗಿ ಅಳಲಿಲ್ಲ. "ನೀವೇನಂದ್ರಿ ಒಳಗೆ?" ಎಂದು ಕೇಳಿದಳು.

"ನಾನು ಹೊರಗಿದ್ದೆ."

ಮುಂದಿನದನ್ನು ರೋಂಡಾ ನನಗೆ ತಾವೇ ಹೇಳಿದರು, ಒಂದಿಷ್ಟೂ ಸಂಕೋಚವಿಲ್ಲದೆ. "ಬಾಯಿಗೆ ಬಂದಂಗೆ ಬೈದೆ. ಇಷ್ಟು ವರ್ಷಕ್ಕೆ ಅವಳ ಹತ್ರ ಕೇಳಿದ್ದು ಏನು? ಒಂದು ಕೈ ಎತ್ತು ಅಂತ. ಎತ್ತಿದ್ದೂ ಎತ್ತಿದ್ಲು, ಎದ್ದು ಹೋಗೋಕೆ ಎತ್ತಿದ್ಲು! ಯಾರು ಕೇಳಿದ್ರು ಅವಳನ್ನ? ಕಾಗದದಲ್ಲಿ ಇಲ್ದೇ ಇದ್ದ ಸಂಬಂಧಾನ ಬಾಯಲ್ಲಿ ಹೇಳಿ ನನ್ ಮಗಳ ಜಾಗ ಕಳೆದ್ಲು." ಅವರ ಮಾತು ಸುಳ್ಳಲ್ಲ.

ಊರ ಬಾಯಿಗೆ ಮುಚ್ಚಳವಿಲ್ಲ. ಬಸ್ಸಿಗೆ ಮಕ್ಕಳನ್ನು ಹತ್ತಿಸುವ ಅಮ್ಮಂದಿರಲ್ಲಿ ಕೆಲವರು ಈಗ ಅರ್ಲೀನ್ ಅವರಿಗೆ ಕೈ ಬೀಸುವುದಿಲ್ಲ. ಬದಲಿ ಹುಡುಗಿಯೆಂದರೆ ಯಾವಾಗ ಕರೆ ಬರುವುದೋ ಎಂದು ಮೈ ಸಡಿಲ ಬಿಡುವಂತಿಲ್ಲ. ಮಿನಿಯಾಪೊಲಿಸ್‌ನಲ್ಲಿ ಎಲ್ಲರ ಮರುಕದ ನೋಟ ಸಾಕಾಗಿ ಊರಿಗೆ ಬಂದ ಕೈಲಿಗೆ ಬೆಳಗಿನ ಐಸು ಬೇಕು, ಐಸಿಗೆ ಬೀಗ ತೆಗೆಯುವವರು ಬೇಕು. ಹಾಗಾಗಿ ಮಾತು ಬಿಟ್ಟ ಮೇಲೂ ಹುಡುಗಿ ದಿನಾ ಬರುತ್ತಾಳೆ, ಅರ್ಲೀನ್ ದಿನಾ ಗುಡ್ ಮಾರ್ನಿಂಗ್ ಹೇಳುತ್ತಾರೆ.

ಮುಂದಿನ ವರ್ಷವೂ ಸಮಿತಿಯಲ್ಲಿ ಇರುತ್ತೀರಾ ಎಂದು ಕೇಳಲು ನಾನು ಗ್ಯಾಲರಿಯಿಂದ ಇಳಿದು ಅವರ ಪಕ್ಕ ನಿಲ್ಲುತ್ತೇನೆ. ಅವರು ಬಾಯಿ ತೆರೆಯುವಷ್ಟರಲ್ಲಿ ಐಸನ್ನು ಕೆರೆದ ಸದ್ದು. ಕೈಲಿ ತಡೆಗೋಡೆಯ ಆಚೆ ಬಂದು ನಿಂತಿದ್ದಾಳೆ. ಏದುಸಿರು ಬಿಡುತ್ತಿದ್ದಾಳೆ. ನನ್ನ ಕಡೆ ನೋಡುವುದೇ ಇಲ್ಲ.

"ಮಿಸೆಸ್ ಮ್ಯಾಟಿಲಾ, ಒಂದ್ ಮಾತು ಕೇಳ್ಬೇಕು."

"ಕೇಳು."

"ನೀವು ಒಳಗೇ ಇದ್ದಿದ್ರೆ ನನ್ ಪರ ಮಾತಾಡ್ತಿದ್ರಾ?"

"ಮಾತಾಡ್ತಿದ್ದೆ."

"ಮತ್ತೆ?"

"ಅದಕ್ಕೇ ಎದ್ದು ಹೋದೆ." ಅರ್ಲೀನ್ ಕೈಗವಸು ಬಿಚ್ಚಿ ತಡೆಗೋಡೆಯ ಮೇಲೆ ಇಡುತ್ತಾರೆ. "ಊರವರ ಮಕ್ಕಳಿಗೆಲ್ಲ ಒಂದು ಸಂಜೆ ಸಾಲದು ಅಂತ ಹೇಳ್ಕೊಂಡು ಬಂದವಳು ನಾನು. ಎಷ್ಟು ಮಕ್ಕಳು ಆ ಮಾತಿನಿಂದ ಮನೇಲಿ ಕೂತಿದಾರೆ ಗೊತ್ತಾ? ಅವತ್ತು ನಿನಗೋಸ್ಕರ ಒಂದು ಸಂಜೆ ಸಾಕು ಅಂತಿದ್ದೆ. ಚೆನ್ನಾಗೇ ಹೇಳ್ತಿದ್ದೆ. ಅವರು ನನ್ ಮಾತು ಕೇಳ್ತಾರೆ, ಒಪ್ಕೊಂಡೂ ಬಿಡ್ತಿದ್ರೇನೋ."

"ಅಂದ್ರೆ ನಾನು ಹೋಗ್ಬಹುದಿತ್ತು."

"ಹೋಗ್ಬಹುದಿತ್ತು."

ಇದನ್ನು ಹೇಳದೆಯೂ ಇರಬಹುದಿತ್ತು. ಹೇಳಬೇಡಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಹುಡುಗಿಯ ಮುಖ ಕೆಂಪೇರುತ್ತದೆ, ಕಣ್ಣು ತುಂಬುತ್ತದೆ, ಓಮಾಹಾದಲ್ಲಿ ಬಾರದ ಅಳು ಈಗ ಬರುತ್ತದೆ. ತಡೆಗೋಡೆಗೆ ಎರಡೂ ಕೈ ಊರಿ ತಲೆ ತಗ್ಗಿಸಿ ಅಳುತ್ತಾಳೆ. ಅರ್ಲೀನ್ ಮುಟ್ಟಲು ಹೋಗುವುದಿಲ್ಲ, ಅಲ್ಲಿಂದ ಕದಲುವುದೂ ಇಲ್ಲ.

"ನಂಗೆ ನಿಮ್ ಮೇಲೆ ಇನ್ನೂ ಸಿಟ್ಟಿದೆ," ಎನ್ನುತ್ತಾಳೆ ಕೊನೆಗೆ.

"ಇರ್ಲಿ. ನಂಗೂ ಇದೆ, ನನ್ ಮೇಲೆ. ಆದ್ರೆ ಮಗೂ, ನಾಳೆ ಮತ್ತೆ ಅದೇ ಕೋಣೇಲಿ ಕೂರ್ಸಿದ್ರೆ ಮತ್ತೆ ಎದ್ದು ಹೋಗೋಳೇ ನಾನು."

"ಗೊತ್ತು." ಕೈಲಿ ತೋಳಿನಿಂದ ಮೂಗು ಒರೆಸಿಕೊಂಡು ಹಿಂದಕ್ಕೆ ಜಾರುತ್ತಾಳೆ, ಐಸಿನ ನಡುವಿಗೆ ಹೋಗಿ ನಿಲ್ಲುತ್ತಾಳೆ. ಅಲ್ಲಿಂದ ಖಾಲಿ ಕಟ್ಟಡವೆಲ್ಲ ಮೊಳಗುವಂತೆ ಕೂಗುತ್ತಾಳೆ:

"ನನ್ ಮ್ಯೂಸಿಕ್ ಹಾಕಿ. ಪೂರ್ತಿ ಒಂದ್ಸಲ ಮಾಡ್ತೀನಿ. ಈ ಸಲ ಎದ್ದು ಹೋಗ್ಬೇಡಿ."