ಚಂದವ್ವನ ಗಂಡ

ಹೆಣ್ಣು ಗಂಡನ ಮನೆಗೆ ಹೋಗುವ ಸೀಮೆಯಲ್ಲಿ ಹೆಂಡತಿಯ ಮನೆಗೆ ಬಂದ ನನ್ನಂಥ ಮನೆಯಳಿಯನನ್ನು ಗುರುತಿಸುವುದು ಸುಲಭ: ಹೆಗಲಲ್ಲಿ ಮಾವ ಕೊಡಿಸಿದ ಟ್ರಾನ್ಸಿಸ್ಟರ್ ಒದರುತ್ತಿರುತ್ತದೆ, ನಮ್ಮ ದನಿ ಹೊರಡುವುದಿಲ್ಲ. ನನ್ನೂರು ಹೊರ್ತಿಯಲ್ಲಿ ಪರಸಪ್ಪನಾಗಿದ್ದ ನಾನು ತಾಳಿಕೋಟೆಯ ಈ ಓಣಿಯಲ್ಲಿ ಬರೀ ‘ಚಂದವ್ವನ ಗಂಡ’. ತವರಿಗೆ ಹೋಗಬೇಕಾದರೆ ಹೊಸ ಸೊಸೆಯಂತೆ ಅತ್ತೆಯ ಅಪ್ಪಣೆ ಕೇಳುತ್ತೇನೆ. ಚಂದವ್ವನೂ ಗಂಡನ ಹೆಸರು ಹಿಡಿದು ಕರೆಯುವಂತಿಲ್ಲ. ‘ಏನ್ರಿ’ ಎಂದರೆ ನಾನೇ. ಹೆಂಗಸರ ಬಾಯಲ್ಲಿ ಗಂಡನ ಹೆಸರು ಬರುವುದು ಮದುವೆಮನೆಯ ಬಾಗಿಲಲ್ಲಿ ಅಡ್ಡ ನಿಂತವರು ದಾರಿ ಬಿಡಲೆಂದು ಆ ಹೆಸರು ಪೋಣಿಸಿ ಪ್ರಾಸದ ಒಡಪು ಹೇಳುವಾಗ ಮಾತ್ರ. ಅದಕ್ಕೇ ಯಾರ ಮದುವೆಯಾದರೂ ನಾನೇ ಮುಂಚೆ ಹೋಗಿ ಬಾಗಿಲಿಗೆ ಅಡ್ಡ ನಿಲ್ಲುತ್ತೇನೆ. “ಹೆಣ್ಮಕ್ಕಳ ಆಟದಾಗ ನಿಮಗೇನ್ ಕೆಲಸರಿ ಅಳಿಯಾರ?” ಎಂದು ಎಲ್ಲರೂ ನಗುತ್ತಾರೆ. ಚಂದವ್ವ ಸೆರಗು ಸರಿಪಡಿಸಿಕೊಂಡು, “ಹೋಳಿಗಿ ಮ್ಯಾಲ ಆಕಳ ತುಪ್ಪ, ಮನಿ ತುಂಬಿದವ್ರು ನಮ್ಮ ಪರಸಪ್ಪ” ಎನ್ನುತ್ತಾಳೆ. “ಯಾರಂದಿ? ಕೇಳಸಲಿಲ್ಲ, ಇನ್ನೊಮ್ಮೆ ಹೇಳ” ಎಂದು ನಾನು ಟ್ರಾನ್ಸಿಸ್ಟರ್ ಬಂದ್ ಮಾಡುತ್ತೇನೆ.