ಬಟ್ಟಲಚ್ಚಿನ ಕಲೀಮುಲ್ಲಾ ಸಾಹೇಬರು

ಅಡಿಕೆ ಹಾಳೆಯಲ್ಲಿ ತಟ್ಟೆ ಒತ್ತುವುದು ಕಷ್ಟವಲ್ಲ, ಬಟ್ಟಲು ಒತ್ತುವುದು ಕಷ್ಟ. ಬಟ್ಟಲಿನ ಅಚ್ಚು ಬಾಗಿರುತ್ತದೆ. ಅದರ ಬೆನ್ನಿಗೆ ಕರೆಂಟಿನ ಕಾಯಿಲನ್ನು ಎಲ್ಲ ಕಡೆ ಒಂದೇ ಸಮ ಸುತ್ತಿದರೆ ತಳ ಸುಟ್ಟು ಕರಿಯಾಗುತ್ತದೆ, ಅಂಚು ಹಸಿಯಾಗಿಯೇ ಉಳಿಯುತ್ತದೆ. ಅಂಚಿಗೆ ಒತ್ತಾಗಿ, ತಳಕ್ಕೆ ಬಿಡಿಯಾಗಿ ಸುತ್ತಬೇಕು. ಎಷ್ಟು ಒತ್ತು, ಎಷ್ಟು ಬಿಡಿ ಎಂಬುದನ್ನು ಕೊಪ್ಪದ ಕಲೀಮುಲ್ಲಾ ಸಾಹೇಬರು ಬೆರಳಲ್ಲೇ ಹೇಳುತ್ತಿದ್ದರು. ಅಚ್ಚು ಕಾಯಿಸಿ, ಸ್ವಿಚ್ ಆರಿಸಿ, ಬೆರಳ ತುದಿಯನ್ನು ನೀರಿಗೆ ಅದ್ದಿ ಅಂಚಿನಿಂದ ತಳಕ್ಕೆ ಸರ್ರನೆ ಎಳೆಯುವುದು, ಅಷ್ಟೇ. ಶಿವಮೊಗ್ಗದಿಂದ ನಾನು ತಂದುಕೊಟ್ಟ, ಬಿಸಿ ಅಳೆಯುವ ಮೀಟರನ್ನು ಮೊಳೆಗೆ ನೇತುಹಾಕಿ, ಅದರ ಮೇಲೆ ಟೋಪಿ ಸಿಕ್ಕಿಸುತ್ತಿದ್ದರು.

ಹಿರೇಕೊಡಿಗೆಯ ನಮ್ಮ ಶೆಡ್ಡಿನ ಅಚ್ಚುಗಳೆಲ್ಲ ಅವರ ಕೈ ದಾಟಿ ಬಂದವು. ಹೋದ ವರ್ಷ ಮಾತ್ರ ಒಂದು ಅಚ್ಚು ಸರಿಹೋಗಲೇ ಇಲ್ಲ. ಎರಡು ಸಲ ಬಿಚ್ಚಿ ಸುತ್ತಿದರು. ಎರಡು ಸಲವೂ "ಸಮ ಬಂತು, ತಗಂಡು ಹೋಗಿ" ಎಂದರು. ಶೆಡ್ಡಿಗೆ ತಂದು ಒತ್ತಿದರೆ ಮತ್ತದೇ ಕರಿ ತಳ. ನನಗೆ ತಲೆಕೆಟ್ಟಿತು. ಅಚ್ಚನ್ನು ಒಯ್ದು ಅವರ ಅಂಗಡಿಯ ಮೇಜಿನ ಮೇಲೆ ಕುಕ್ಕಿದೆ.

"ಇವತ್ತು ನಾನು ಇಲ್ಲೇ ಕೂತು ನೋಡ್ತೀನಿ ಸಾಹೇಬ್ರೆ."

"ಕೂರಿ ಮಾರಾಯ್ರೆ. ನನ್ನ ಬೆರಳು ಸುಳ್ಳು ಹೇಳಲ್ಲ."

ಅವರಿಗೆ ಸಕ್ಕರೆ ಕಾಯಿಲೆ ಇದ್ದದ್ದು ಪೇಟೆಗೆಲ್ಲ ಗೊತ್ತು. ಚಹಾಕ್ಕೆ ಸಕ್ಕರೆ ಬೇಡವೆನ್ನುವುದಷ್ಟೇ ಆ ಕಾಯಿಲೆ ಎಂದು ನಾವೆಲ್ಲ ತಿಳಿದಿದ್ದೆವು.

ಅಚ್ಚು ಕಾಯಿತು. ಸ್ವಿಚ್ ಆರಿಸಿ, ಬೆರಳು ಅದ್ದಿ ಅಂಚಿಗೆ ತಾಗಿಸಿದರು. ಎಂದಿನಂತೆ ಎಳೆಯಲಿಲ್ಲ. ಬಿಸಿಯೇ ತಾಗದವರ ಹಾಗೆ ತಳಕ್ಕೆ ಒತ್ತಿ ಹಿಡಿದು ಕಣ್ಣು ಮುಚ್ಚಿದರು. ಚರ್ಮ ಸುಟ್ಟ ವಾಸನೆ ಬಂತು.

ಒಳಗಿನಿಂದ ಅವರ ಹೆಂಡತಿ ಅಖ್ತರ್ ಬಾನು ಓಡಿಬಂದರು. "ಅಯ್ಯೋ, ಕೈ ತೆಗೀರಿ! ಕೈ ತೆಗೀರಿ!"

"ಎಂತ ಆಯ್ತು?" ಎಂದರು ಸಾಹೇಬರು.

ಬೆರಳ ತುದಿಯಲ್ಲಿ ಬೆಳ್ಳಗೆ ಬೊಬ್ಬೆ ಎದ್ದಿತ್ತು. ಅವರು ಮೊದಲು ನಮ್ಮಿಬ್ಬರ ಮುಖ ನೋಡಿದರು, ಆಮೇಲೆ ಬೆರಳು ನೋಡಿದರು. ಸಕ್ಕರೆ ಕಾಯಿಲೆ ಬೆರಳಿನ ಸ್ಪರ್ಶವನ್ನೇ ತಿಂದಿದೆ ಎಂದು ಆಗ ಹೊಳೆದು, ನನಗೆ ಅಳು ತಡೆಯಲಾಗಲಿಲ್ಲ. ಅಚ್ಚು ಹಾಳಾಗಿ ಹೋಗಲಿ ಅನ್ನಿಸಿತು.

ಬಾನು ಅವರು ತಣ್ಣೀರು ಸುರಿದು, ಗಂಡನ ಇನ್ನೊಂದು ಕೈಯನ್ನು ತಮ್ಮ ಕೈಯಲ್ಲಿ ಗಟ್ಟಿಯಾಗಿ ಹಿಡಿದು ಪಕ್ಕದಲ್ಲೇ ಕುಳಿತರು. ಸಾಹೇಬರು ಗೋಡೆಗೆ ನೇತುಹಾಕಿದ ಕಾಯಿಲುಗಳನ್ನೇ ನೋಡುತ್ತಿದ್ದರು. ತಿರುಗದೆಯೇ ಕೇಳಿದರು:

"ಬಾನು, ಕೈ ಹಿಡ್ಕಂಡಿದೀಯಾ, ಬಿಟ್ಟಿದೀಯಾ?"