ಸಿದ್ದಮ್ಮ ಕುಡಿದ ಒರತೆ ನೀರು

ಆ ಬೆಳಿಗ್ಗೆ ಸಿದ್ದಮ್ಮ ನನ್ನ ಕಣ್ಣೆದುರು ಕುಡಿದ ನೀರಿನಲ್ಲಿ ಕಕ್ಕಸಿನ ಹೊಲಸು ಸೇರಿದೆಯೆಂದು ನನಗೆ ಗೊತ್ತಿತ್ತು. ಸುರಿದವನು ನಾನೇ. ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಆಮೇಲೆ ಆ ತಪ್ಪನ್ನು ಬಾತುಕೋಳಿ ಕಾಯುವ ಒಬ್ಬ ಬಡಪಾಯಿಯ ತಲೆಗೆ ಕಟ್ಟಿದೆ. ಇಷ್ಟನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು. ಥೂ, ಬರೆದ ಮೇಲೂ ಕೈ ತೊಳೆದುಕೊಳ್ಳಬೇಕೆನಿಸುತ್ತದೆ.

ನನ್ನದು ನಂಜನಗೂಡು. ಮದುವೆಗೆ, ಪ್ರವಾಸಕ್ಕೆ ವ್ಯಾನು ಬಾಡಿಗೆ ಬಿಡುವ ವ್ಯವಹಾರ. ಒಮ್ಮೆ ರಾಜಸ್ಥಾನಕ್ಕೆ ಹೋದಾಗ ಮರಳುಗಾಡಿನಲ್ಲಿ ಕ್ಯಾರವಾನ್‌ಗಳು ತಂಗುವ ಒಂದು ಕ್ಯಾಂಪಿನಲ್ಲಿ ಉಳಿದಿದ್ದೆ. ಒಲೆ, ಹಾಸಿಗೆ, ಕಕ್ಕಸು ಎಲ್ಲ ಗಾಡಿಯೊಳಗೇ. ಬಾಗಿಲು ತೆರೆದರೆ ಕಣ್ಣು ಹಾಯುವಷ್ಟು ದೂರ ಮರಳು. ನನಗೆ ಅದರ ಹುಚ್ಚು ಹಿಡಿಯಿತು. ಊರಿಗೆ ಬಂದವನೇ ಹಳೆಯ ಟೆಂಪೊ ಒಂದನ್ನು ಹಾಗೆಯೇ ಮಾಡಿಸಿದೆ. ಮರಳು ನೋಡಲು ಅಷ್ಟು ದೂರ ಯಾಕೆ ಹೋಗಬೇಕು, ನಮ್ಮ ತಲಕಾಡಿದೆಯಲ್ಲ ಅಂದುಕೊಂಡೆ.

ಜಾಗ ಆರಿಸುವುದರಲ್ಲಿ ನಾನು ದೊಡ್ಡ ಪಂಡಿತನಾದೆ. ಚಕ್ರ ಹೂತುಹೋಗದಂಥ ಗಟ್ಟಿ ನೆಲ ಬೇಕು. ಮಧ್ಯಾಹ್ನ ಗಾಡಿಯ ಮೇಲೆ ನೆರಳು ಬೀಳಬೇಕು. ಗಾಳಿ ಬಾಗಿಲಿಗೆ ಬೀಸಬಾರದು, ಬೀಸಿದರೆ ಅನ್ನದಲ್ಲೂ ಮರಳು. ಗಾಡಿಯಲ್ಲಿ ತಂಗಲು ಬಾಡಿಗೆ ಕೊಟ್ಟು ಬಂದವರಿಗೆಲ್ಲ ಇದನ್ನು ಪಾಠದಂತೆ ಒಪ್ಪಿಸುತ್ತಿದ್ದೆ, ಅವರು ಭಲೇ ಅನ್ನುತ್ತಿದ್ದರು. ಕಕ್ಕಸಿನ ಟ್ಯಾಂಕು ತುಂಬಿದರೆ ಏನು ಮಾಡುತ್ತೀರಿ ಎಂದು ಮಾತ್ರ ಯಾರೂ ಕೇಳಲಿಲ್ಲ. ರಾಜಸ್ಥಾನದ ಕ್ಯಾಂಪಿನಲ್ಲಿ ಅದಕ್ಕೆಂದೇ ಕಟ್ಟಿದ ಗುಂಡಿಯಿತ್ತು. ನಾನು ನಂಜನಗೂಡಿನವರೆಗೂ ಹೊತ್ತು ತಂದು ನಮ್ಮ ಶೆಡ್ಡಿನ ಗುಂಡಿಗೆ ಬಿಡುತ್ತಿದ್ದೆ — ಆ ಒಂದು ಸಲದವರೆಗೆ.

ಗಾಡಿ ನಿಲ್ಲಿಸಲು ಜಾಗ ಕೊಟ್ಟವಳು ಸಿದ್ದಮ್ಮ. ಹೊಳೆದಂಡೆಯಲ್ಲಿ ತುಂಡು ಗದ್ದೆ, ಒಂದು ಹೊಂಗೆ ಮರ, ಅದರ ಪಕ್ಕ ಮನೆ. ಬೇಸಿಗೆಯಲ್ಲಿ ಹೊಳೆ ಹಿಂದೆ ಸರಿದಾಗ ಅವಳು ಮರಳಿನಲ್ಲಿ ಗುಳಿ ತೋಡಿ ಒರತೆ ಮಾಡುತ್ತಿದ್ದಳು. ನೀರು ಮರಳಿನೊಳಗಿಂದ ಸೋಸಿಕೊಂಡು ಬಂದು ಮೆಲ್ಲಗೆ ತುಂಬುತ್ತಿತ್ತು. ನಲ್ಲಿ ನೀರು ಪಾತ್ರೆಗೆ, ಒರತೆ ನೀರು ಕುಡಿಯುವುದಕ್ಕೆ — ಅಕ್ಕಪಕ್ಕದ ಮನೆಯವರೂ ಅವಳ ಒರತೆಯಿಂದಲೇ ಒಯ್ಯುತ್ತಿದ್ದರು. ಅದರ ಹತ್ತಿರ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ. ಕೊಡ ಅದ್ದುವಂತಿಲ್ಲ, ತೆಂಗಿನ ಚಿಪ್ಪಿನಲ್ಲಿ ಮೊಗೆಯಬೇಕು. ಕತ್ತಲಾಗುವ ಮೊದಲು ಅದರ ಮೇಲೆ ಕುಕ್ಕೆ ಮುಚ್ಚಿಡುತ್ತಿದ್ದಳು. ಒಮ್ಮೆ ನಾನು ಬೂಟು ಹಾಕಿಕೊಂಡು ಹೋಗಿ ಚೆನ್ನಾಗಿ ಬೈಸಿಕೊಂಡಿದ್ದೆ.

ಒಂದು ಶನಿವಾರ ಸಂಜೆ ಮೈಸೂರಿನ ಒಂದು ಸಂಸಾರ ಹೋಯಿತು. ಮರುದಿನ ಬೆಳಿಗ್ಗೆ ಇನ್ನೊಂದು ಬರುವುದಿತ್ತು. ಟ್ಯಾಂಕು ತುಂಬಿ ಗಾಡಿಯೆಲ್ಲ ಗಬ್ಬು ನಾರುತ್ತಿತ್ತು. ನಂಜನಗೂಡಿಗೆ ಹೋಗಿ ಬರಲು ಹೊತ್ತಿರಲಿಲ್ಲ — ಇಲ್ಲ, ಸುಳ್ಳು. ಹೊತ್ತಿತ್ತು. ನನಗೆ ಬೇಸರವಾಗಿತ್ತು, ಅಷ್ಟೇ. ಒರತೆಗಿಂತ ಮೇಲೆ, ದಿಬ್ಬದ ಮಗ್ಗುಲಲ್ಲಿ ಮರಳು ಬಗೆದು ಪೈಪು ಬಿಟ್ಟೆ. ಮರಳು ಎಂಥದನ್ನಾದರೂ ಸೋಸುತ್ತದೆ ಎಂದು ಸಿದ್ದಮ್ಮನೇ ಹೇಳುತ್ತಿದ್ದಳಲ್ಲ! ಆ ಮಾತನ್ನೇ ನೆಪ ಮಾಡಿಕೊಂಡೆ. ಆಮೇಲೆ ಬೆಕ್ಕು ಮುಚ್ಚುವ ಹಾಗೆ ಕಾಲಿನಿಂದ ಮರಳು ಎಳೆದು ಮುಚ್ಚಿದೆ.

ಬೆಳಿಗ್ಗೆ ಎದ್ದು ನೋಡಿದರೆ ಮರಳಿನ ಮೇಲೆ ಕಪ್ಪನೆಯ ತೇವ. ಇಳಿಜಾರಿನಲ್ಲಿ ಹರಡುತ್ತಾ ಹೋಗಿ ಒರತೆಯ ಅಂಚು ಮುಟ್ಟಿತ್ತು. ನಾನು ಅದನ್ನು ನೋಡುತ್ತಾ ನಿಂತಿರುವಾಗಲೇ ಸಿದ್ದಮ್ಮ ಇನ್ನೊಂದು ಬದಿಯಿಂದ ಬಂದು ಚಿಪ್ಪಿನಲ್ಲಿ ಮೊಗೆದು ನನ್ನ ಮುಂದೆ ಹಿಡಿದಳು. ದಿನದ ಮೊದಲ ಚಿಪ್ಪು ಮನೆಗೆ ಬಂದವರಿಗೆ — ಅದು ಅವಳ ಪದ್ಧತಿ.

“ಕುಡೀರಿ ಸಾ, ಎಳನೀರ್ ಇದ್ದಂಗದೆ.”

“ಬ್ಯಾಡ ಅವ್ವ, ನನ್ನತ್ರ ಬಾಟ್ಲಿ ನೀರದೆ.”

ಅವಳ ಮುಖ ಸಣ್ಣದಾಯಿತು. ನೀರಿನ ಶುದ್ಧತೆಯ ಬಗ್ಗೆ ನನಗೆ ಅನುಮಾನವೆಂದು ತಿಳಿದಳೋ ಏನೋ, ನೋಡಿ ಎನ್ನುವಂತೆ ಆ ಚಿಪ್ಪನ್ನು ಎತ್ತಿ ತಾನೇ ಗಟಗಟನೆ ಕುಡಿದಳು. ಸೆರಗಿನಲ್ಲಿ ಬಾಯಿ ಒರೆಸಿಕೊಂಡು ನಕ್ಕಳು. ಅವಳ ಗಂಟಲು ಏರಿಳಿದದ್ದು ಈಗಲೂ ನನ್ನ ಕಣ್ಣಲ್ಲಿದೆ. ಚಿಪ್ಪಿಗೆ ಕೈ ಬಡಿದು ಬೀಳಿಸಬಹುದಿತ್ತು. ಉಗಿ ಅವ್ವ ಎಂದು ಕೂಗಬಹುದಿತ್ತು. ಅಷ್ಟರಲ್ಲಿ ಹೊಸ ಗಿರಾಕಿಗಳ ಕಾರು ಬಂತು, ನಾನು ಹಲ್ಲು ಕಿರಿಯುತ್ತಾ ಅತ್ತ ಹೋದೆ.

ಆ ವಾರವೇ ಅವಳಿಗೂ ನೆರೆಮನೆಯವರಿಗೂ ವಾಂತಿಭೇದಿ ಹಿಡಿಯಿತು. ನನ್ನ ವ್ಯಾನಿನಲ್ಲೇ ಟಿ. ನರಸೀಪುರದ ಆಸ್ಪತ್ರೆಗೆ ಸಾಗಿಸಿದೆ — ಎಂಥ ಪುಣ್ಯಾತ್ಮ ನೋಡಿ! ಜನ ನನಗೆ ಕೈಮುಗಿದರು. ಒರತೆಗೆ ಏನಾಯಿತು ಎಂದು ಆಸ್ಪತ್ರೆಯ ಬಾಗಿಲಲ್ಲೇ ಮಾತು ಎದ್ದಿತು. ಕೊಯ್ಲಾದ ಗದ್ದೆಗಳಲ್ಲಿ ಬಾತುಕೋಳಿ ಮೇಯಿಸಲು ತಮಿಳುನಾಡಿನ ಕಡೆಯಿಂದ ಬಂದ ಮುರುಗೇಶ ಎಂಬುವನು ಸಿದ್ದಮ್ಮನ ಗದ್ದೆಯ ಬದುವಿನಲ್ಲೇ ಟಾರ್ಪಾಲು ಕಟ್ಟಿಕೊಂಡಿದ್ದ. ಅವನಿಗೂ ಅವಳೇ ಜಾಗ ಕೊಟ್ಟವಳು. ನನಗೆ ಅವನ ನೆನಪು ಬಂತು. ಬಾಯಿಂದ ಮಾತು ತಾನೇ ಬಂತೆಂದು ಹೇಳಲಾರೆ, ಯೋಚಿಸಿಯೇ ಆಡಿದೆ.

“ಬಾತುಕೋಳಿ ಒರತೇಲಿ ಇಳ್ದಿದ್ದ ನಾನೇ ಕಂಡೆ.”

ಕಂಡಿರಲಿಲ್ಲ. ಅವನು ತನ್ನ ಹಕ್ಕಿಗಳನ್ನು ಒರತೆಯ ಹತ್ತಿರಕ್ಕೂ ಬಿಟ್ಟವನಲ್ಲ. ಸಿದ್ದಮ್ಮ ಆಸ್ಪತ್ರೆಯಿಂದ ಬಂದ ದಿನ ಊರವರು ಅವನ ಟಾರ್ಪಾಲು ಕಿತ್ತೆಸೆದರು. ಕಾಲೂರಿ ನಿಲ್ಲಲಾಗದ ಹೆಂಗಸು ಇನ್ನೊಬ್ಬರ ಹೆಗಲು ಹಿಡಿದು ಹೋಗಿ, ಉಂಡ ಮನೆಗೆ ವಿಷ ಇಟ್ಟೆಯಲ್ಲೋ ಎಂದು ಅವನ ಮುಖಕ್ಕೆ ಉಗಿದಳು. ಅವನು ಏನೋ ಹೇಳಲು ಹೋದ, ಯಾರೂ ಬಿಡಲಿಲ್ಲ. ಮುಖ ಒರೆಸಿಕೊಂಡು ಬಾತುಗಳನ್ನು ಹೊಡೆದುಕೊಂಡು ಹೋದ. ಗುಂಪಿನ ಹಿಂದೆ ನಾನು ನಿಂತಿದ್ದೆ, ಕೈಯಲ್ಲಿ ಬಾಟಲಿ ಇತ್ತು.

ಆ ಗಾಡಿಯನ್ನು ಎಂದೋ ಮಾರಿದೆ. ಅದರ ವಾಸನೆ ಮಾತ್ರ ನನ್ನನ್ನು ಬಿಟ್ಟಿಲ್ಲ. ಹೋದ ತಿಂಗಳು ಧೈರ್ಯ ಮಾಡಿ ಸಿದ್ದಮ್ಮನ ಮನೆಗೆ ಹೋದೆ. ಅವಳು ಬಹಳ ಸೊರಗಿದ್ದಾಳೆ. ಒರತೆ ತೋಡುವುದನ್ನು ಆಗಲೇ ಬಿಟ್ಟಳಂತೆ, ಅಕ್ಕಪಕ್ಕದವರೂ ಒರತೆ ನೀರಿನ ಆಸೆ ಬಿಟ್ಟರಂತೆ. ನನ್ನನ್ನು ಕಂಡವಳೇ ನೆರೆಯವಳನ್ನು ಅಂಗಡಿಗೆ ಅಟ್ಟಿ ನೀರಿನ ಬಾಟಲಿ ತರಿಸಿ ಕೈಗೆ ಕೊಟ್ಟಳು. “ನೀವು ಬಾಟ್ಲಿ ನೀರೇ ಅಲ್ವಾ ಸಾ ಕುಡಿಯಾದು” ಅಂದಳು.

ಮುಚ್ಚಳ ತೆಗೆಯಲಾಗಲಿಲ್ಲ. ಅಲ್ಲೇ ಜಗಲಿಯ ಮೇಲೆ ಕೂತು ಎಲ್ಲ ಹೇಳಿದೆ. ಟ್ಯಾಂಕು, ಪೈಪು, ಮರಳಿನ ತೇವ, ಆಸ್ಪತ್ರೆಯ ಬಾಗಿಲಲ್ಲಿ ಆಡಿದ ಸುಳ್ಳು. ಕೊನೆಗೆ ಅವಳು ಒಂದನ್ನೇ ಕೇಳಿದಳು.

“ನಾ ಕುಡಿಯೋವಾಗ್ಲೇ ಗೊತ್ತಿತ್ತಾ ನಿಂಗೆ?”

ಮೊದಲ ಸಲ ನನಗೆ ‘ಸಾ’ ಅನ್ನಲಿಲ್ಲ.

“ಗೊತ್ತಿತ್ತು ಅವ್ವ.”

ಅವಳು ಉಗಿಯುತ್ತಾಳೆಂದು ಕಾದೆ. ಉಗಿದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವಳು ತನ್ನ ಬಾಯಿಯನ್ನು ಸೆರಗಿನಿಂದ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು. “ಏನೂ ಅರೀದೋನ ಮುಕಕ್ಕೆ ಉಗಿಸ್ಬುಟ್ಯಲ್ಲಪ್ಪ ನನ್ ಕೈಲಿ” ಅಂದಳು. ಆಮೇಲೆ ಬಾಟಲಿಯ ಕಡೆ ಕೈ ತೋರಿಸಿ, “ನಿನ್ ನೀರ ತಕ್ಕೊಂಡೋಗು. ಅವುನ್ನ ಕರ್ಕೊಂಡು ಬರಾಗಂಟ ಈ ಬಾಗ್ಲಿಗೆ ಬರಬ್ಯಾಡ” ಅಂದು ಒಳಗೆ ಹೋದಳು.

ಈಗ ಭತ್ತದ ಕೊಯ್ಲು ಶುರುವಾಗಿದೆ. ಗದ್ದೆಯಲ್ಲಿ ಬಾತುಕೋಳಿ ಹಿಂಡು ಕಂಡಲ್ಲೆಲ್ಲ ಗಾಡಿ ನಿಲ್ಲಿಸಿ ಮುರುಗೇಶನನ್ನು ವಿಚಾರಿಸುತ್ತಿದ್ದೇನೆ. ಏಕೆ ಎಂದು ಕೇಳಿದವರಿಗೆ ಏಕೆಂದೂ ಹೇಳುತ್ತಿದ್ದೇನೆ. ನರಸೀಪುರದ ಸುತ್ತ ಅವನು ಸಿಗಲಿಲ್ಲ. ನಾಳೆ ಕೊಳ್ಳೇಗಾಲದ ಕಡೆ ಹೋಗುತ್ತೇನೆ.